ಐಸತ್ತೆ ಬಿಡುವ ಒಂದು ಬೆರಳು ಜಾಗ

ನಮ್ಮ ಬೀದಿಯಲ್ಲಿ ಐಸತ್ತೆಯ ಜೊತೆ ಜಗಳವಾಡದೆ ದೊಡ್ಡವರಾದವರು ಯಾರೂ ಇಲ್ಲ. ಜಗಳದ ವಿಷಯ ಯಾವಾಗಲೂ ಒಂದೇ: ಒಂದು ಬೆರಳು ಜಾಗ. ಗೇಣುದ್ದದ ಪ್ಲಾಸ್ಟಿಕ್ ಕೊಳವೆಯೊಳಗೆ ಕಿತ್ತಳೆ, ನಿಂಬೆ, ದ್ರಾಕ್ಷಿ ಬಣ್ಣದ ಸಿಹಿನೀರು ತುಂಬಿ, ಬಾಯಿ ಅಂಟಿಸಿ, ಗಟ್ಟಿ ಮಾಡಿ ಮಾರುವ ಐಸು ನಿಮಗೂ ಗೊತ್ತಿರುತ್ತದೆ. ಒಂದು ತುದಿಯನ್ನು ಹಲ್ಲಿನಲ್ಲಿ ಹರಿದು, ತುಂಡನ್ನು ಉಗಿದು, ಕೈ ಮರಗಟ್ಟುವವರೆಗೆ ಚೀಪುತ್ತಾ ಹೋಗುವುದು. ಐಸತ್ತೆ ಮಾಡಿದ ಕೊಳವೆಯ ಮೇಲ್ತುದಿಯಲ್ಲಿ ಸರಿಯಾಗಿ ಒಂದು ಬೆರಳಗಲ ಖಾಲಿ ಇರುತ್ತದೆ. ಅದನ್ನು ಮೊದಲು ಕಂಡುಹಿಡಿದವರು ತಾವೇ ಎಂದು ಪ್ರತಿ ಬೇಸಿಗೆಯಲ್ಲೂ ಯಾರಾದರೊಬ್ಬರು ಅವಳ ಕಿಟಕಿಯ ಮುಂದೆ ನಿಲ್ಲುತ್ತಾರೆ.

"ಅತ್ತೆ, ಇಲ್ನೋಡಿ, ಗಾಳಿ ಮಾರ್ತಿದ್ದೀರಾ."

"ಗಾಳಿ ಬಿಟ್ಟಿ ಕೊಡ್ತಿದ್ದೀನಿ ಕಣೋ. ನೀರು ಐಸಾಗುವಾಗ ದಪ್ಪ ಆಗುತ್ತೆ. ಮದುವೆಯಾದ ಮೇಲೆ ನಿಮ್ಮಪ್ಪ ಆಗ್ಲಿಲ್ವಾ, ಹಾಗೆ. ಜಾಗ ಬಿಡದಿದ್ರೆ ಹೊಲಿಗೆ ಬಿಚ್ಚುತ್ತೆ."

ಅವಳನ್ನು ಐಸತ್ತೆ ಎಂದು ಮೊದಲು ಕರೆದವರು ಮಕ್ಕಳು. ಆಮೇಲೆ ಅವರ ಅಪ್ಪಂದಿರು ಕರೆದರು. ಈಗ ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಅಂಚೆಯವನೂ "ಐಸತ್ತೆ, ಕಾಗದ" ಎನ್ನುತ್ತಾನೆ. ನನ್ನನ್ನು ಮಾತ್ರ ಅವಳು ಅಣ್ಣ ಎನ್ನುವುದರಿಂದ ನನಗೆ ಅವಳು ತಂಗಿ. ಆ ಲೆಕ್ಕದಲ್ಲಿ ನಾನು ಇಡೀ ಬೀದಿಗೆ ದೊಡ್ಡಪ್ಪ. ಯಾರೂ ಹಾಗೆ ನಡೆದುಕೊಳ್ಳುವುದಿಲ್ಲ, ಆ ಮಾತು ಬೇರೆ.

ನಾನು ಫ್ರಿಜ್ ರಿಪೇರಿಯವನು. ನಲವತ್ತೆರಡು ವರ್ಷ ಊರಿನವರ ಮನೆಮನೆಯ ತಣ್ಣನೆಯನ್ನು ಕಾದವನು. ನನ್ನ ಮನೆಯ ಫ್ರಿಜ್ಜು ಮಾತ್ರ ಅಲಮಾರಿಗಿಂತ ಸ್ವಲ್ಪ ತಣ್ಣಗಿರುತ್ತದೆ, ಅದೂ ಬಾಗಿಲು ತೆರೆದಿಟ್ಟರೆ. ಹೆಂಡತಿ ಅದರಲ್ಲಿ ಇಸ್ತ್ರಿ ಮಾಡಿದ ಬಟ್ಟೆ ಇಡುವ ಯೋಚನೆಯಲ್ಲಿದ್ದಳು.

ಐಸತ್ತೆ ನಮ್ಮ ಕಟ್ಟಡದ ಕೆಳಮನೆಗೆ ಬಂದಾಗ ಐಸಿಗೂ ಅವಳಿಗೂ ಸಂಬಂಧವಿರಲಿಲ್ಲ. ಬಿಸ್ಕತ್ತು, ಸೋಪಿನ ಪುಡಿ, ತಲೆಗೂದಲ ಎಣ್ಣೆ, ಹೀಗೆ ಯಾರು ಏನು ಕಳಿಸಿದರೂ ಪ್ಯಾಕೆಟ್ಟಿಗೆ ತುಂಬಿ ಬಾಯಿ ಅಂಟಿಸುವ ಒಂದು ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದ್ದಳು. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಬಾಯಿ ಮುಚ್ಚಿಸುವುದೇ ಉದ್ಯೋಗ. ಅವಳ ಗಂಡ ಮದುವೆಗೆ ಮುಂಚೆ ಬಹಳ ಮಾತುಗಾರನಾಗಿದ್ದನಂತೆ. ನಾವು ಕಂಡಂತೆ ವಾರಕ್ಕೆ ನಾಲ್ಕು ವಾಕ್ಯ, ಅದರಲ್ಲಿ ಎರಡು ಒಂದೇ ವಾಕ್ಯ. ಒಂದು ಗ್ರಂಥಾಲಯದಲ್ಲಿ ಕಾವಲುಗಾರ. ಅಲ್ಲಿ ಮಾತಾಡಬೇಡಿ ಎಂದು ಗೋಡೆಯ ಮೇಲೆ ಬರೆದಿದ್ದನ್ನು ಮನೆಗೂ ತಂದುಕೊಂಡಿದ್ದ.

ಕಾರ್ಖಾನೆ ಮುಚ್ಚಿದಾಗ ಅವಳ ಕೈಗೆ ಬಂದದ್ದು ಹಳೆಯ ಸೀಲಿಂಗ್ ಮೆಷಿನ್ ಒಂದು. ಮೇಲಿನ ಹಿಡಿ ಒತ್ತಿದರೆ ಕೆಂಪು ದೀಪ ಹತ್ತುತ್ತದೆ, ದೀಪ ಆರಿದಾಗ ಪ್ಲಾಸ್ಟಿಕ್ಕು ಅಂಟಿರುತ್ತದೆ. ಒಂದು ವಾರ ಅದನ್ನು ನೋಡುತ್ತಾ ಕೂತಳು. ಎಂಟನೆಯ ದಿನ ಮೀನಂಗಡಿಯವನೊಬ್ಬ ಮಾರಲು ಇಟ್ಟಿದ್ದ ಪೆಟ್ಟಿಗೆ ಫ್ರೀಜರನ್ನು ಮನೆಗೆ ತರಿಸಿ ನನ್ನನ್ನು ಕರೆದಳು.

"ಅಣ್ಣ, ಇದಕ್ಕೆ ಜೀವ ಇದೆಯಾ ನೋಡಿ."

ಜೀವ ಇತ್ತು. ವಾಸನೆಯೂ ಇತ್ತು. ಏಳು ಸಲ ಬಿಸಿನೀರು, ಸೋಡಾಪುಡಿ ಹಾಕಿ ತೊಳೆದಳು. ಆದರೂ ಮೊದಲ ಬೇಸಿಗೆಯಲ್ಲಿ ನಮ್ಮ ಬೀದಿಯ ಮಕ್ಕಳು ಐಸು ಚೀಪುತ್ತಾ ಶಾಲೆಗೆ ಹೊರಟರೆ ಹಿಂದೆ ಹದಿನೆಂಟು ಬೆಕ್ಕು ಸಾಲಾಗಿ ಹೋಗುತ್ತಿದ್ದವು. ಬೆಕ್ಕುಗಳೂ ಹಾಜರಿ ಕೊಟ್ಟು ಬಂದವೆಂದು ಮೇಷ್ಟ್ರು ಹೇಳಿದ್ದುಂಟು. ಎರಡನೆಯ ಬೇಸಿಗೆಗೆ ವಾಸನೆ ಹೋಯಿತು, ಬೆಕ್ಕುಗಳು ಬೇರೆ ಬೀದಿ ನೋಡಿಕೊಂಡವು. ಅಲ್ಲಿಂದ ಈಚೆಗೆ ಹನ್ನೊಂದು ಬೇಸಿಗೆ ಅವಳ ಐಸು ನಮ್ಮ ಬೀದಿಯನ್ನು ಉಳಿಸಿದೆ. ನಮ್ಮ ಬಿಸಿಲು ಎಂಥದ್ದೆಂದರೆ, ನಾನು ಛತ್ರಿ ಬಿಚ್ಚಿದರೆ ಛತ್ರಿಯೇ ನನ್ನ ನೆರಳಿಗೆ ಬಂದು ನಿಲ್ಲುತ್ತದೆ.

ನೀರನ್ನು ಕುದಿಸಿ ಆರಿಸದೆ ಒಂದು ಕೊಳವೆಯನ್ನೂ ತುಂಬಿದವಳಲ್ಲ. ಎಡಗೈಯ ತೋರುಬೆರಳನ್ನು ಕೊಳವೆಯ ಮೇಲ್ತುದಿಗೆ ಅಡ್ಡ ಹಿಡಿದು, ಬೆರಳಿನ ಕೆಳಗೆ ನೀರು ಬಂತೆಂದರೆ ನಿಲ್ಲಿಸಿ, ಬೆರಳಿನ ಮೇಲ್ಬದಿಗೆ ಮೆಷಿನ್ನಿನಲ್ಲಿ ಒತ್ತಿ ಅಂಟಿಸುವುದು. ಅಳತೆಗೋಲು ಇಲ್ಲ, ಗೆರೆ ಇಲ್ಲ. ಹದಿನಾಲ್ಕು ವರ್ಷ ಅದೇ ಬೆರಳು ಪ್ಯಾಕೆಟ್ಟುಗಳಿಗೆ ಜಾಗ ಬಿಟ್ಟಿತ್ತು, ಈಗ ಐಸಿಗೆ ಬಿಡುತ್ತದೆ.

ಹೋದ ವರ್ಷ ಚಳಿಗಾಲದ ಹೊತ್ತಿಗೆ ನನ್ನ ಹೆಂಡತಿಗೆ ಕಾಯಿಲೆಯಾಯಿತು. ಹೆಸರು ಹೇಳಿದರೆ ಜನ ದನಿ ತಗ್ಗಿಸುತ್ತಾರಲ್ಲ, ಆ ಕಾಯಿಲೆ. ಮೂರು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ರಕ್ತನಾಳಕ್ಕೆ ಔಷಧಿ ಏರಿಸಿಕೊಂಡು ಬರಬೇಕು, ಒಟ್ಟು ಆರು ಸಲ. ಮೊದಲ ಸಲ ಏರಿಸಿದ ಐದನೆಯ ದಿನಕ್ಕೆ ಅವಳ ಬಾಯೊಳಗೆಲ್ಲ ಹುಣ್ಣಾಯಿತು. ನೀರು ಕುಡಿದರೂ ಕಣ್ಣಲ್ಲಿ ನೀರು. ಹತ್ತು ದಿನ ಹೆಚ್ಚುಕಡಿಮೆ ಉಪವಾಸ. ಮೂವತ್ತೆಂಟು ವರ್ಷದಲ್ಲಿ ಮೊದಲ ಬಾರಿಗೆ ನನ್ನನ್ನು ಬೈಯುವುದು ನಿಲ್ಲಿಸಿದಳು. ಆಗಲೇ ನನಗೆ ನಿಜವಾಗಿ ಹೆದರಿಕೆಯಾದದ್ದು.

ಡಾಕ್ಟರು ತೂಕ ನೋಡಿದರು. ನಲವತ್ತೈದಿದ್ದವಳು ನಲವತ್ತೊಂದಾಗಿದ್ದಳು.

"ನಲವತ್ತಕ್ಕಿಂತ ಕೆಳಗೆ ಹೋದರೆ ಔಷಧಿ ನಿಲ್ಲಿಸಬೇಕಾಗುತ್ತೆ," ಎಂದರು. "ದೇಹ ತಡೆಯಲ್ಲ. ಹೇಗಾದರೂ ಊಟ ಮಾಡಿಸಿ."

ಹೊರಗೆ ಬಂದಾಗ ನರ್ಸಮ್ಮ ದಾರಿ ತೋರಿಸಿದಳು. ಔಷಧಿ ಏರಿಸುವುದಕ್ಕೆ ಐದು ನಿಮಿಷ ಮೊದಲಿನಿಂದ, ಅರ್ಧ ಗಂಟೆ, ಬಾಯಲ್ಲಿ ಬಿಡದೆ ಐಸು ಇಟ್ಟುಕೊಂಡಿದ್ದರೆ ಬಾಯೊಳಗಿನ ರಕ್ತನಾಳಗಳು ಮುದುಡಿಕೊಳ್ಳುತ್ತವೆ, ಔಷಧಿ ಅಲ್ಲಿಗೆ ಹೆಚ್ಚು ಹೋಗುವುದಿಲ್ಲ, ಹುಣ್ಣು ಕಡಿಮೆಯಾಗುತ್ತದೆ. "ಆದರೆ ಕುದಿಸಿದ ನೀರಿಂದಾಗಿರಬೇಕು, ಬಾಯಿ ಮುಚ್ಚಿದ ಪ್ಯಾಕೆಟ್ಟಲ್ಲಿರಬೇಕು. ತೆರೆದದ್ದು ತಂದರೆ ನಾನು ಕಸದ ಬುಟ್ಟಿಗೆ ಹಾಕ್ತೀನಿ. ಇವರಿಗೆ ಈಗ ಸಣ್ಣ ಸೋಂಕೂ ಆಗಬಾರದು."

ಐಸತ್ತೆಗೆ ಹೇಳಿದೆ. ಅದು ಐಸಿನ ಕಾಲವಲ್ಲ. ಫ್ರೀಜರ್ ಆರಿಸಿ, ಒರೆಸಿ, ಮೇಲೆ ಬೆಡ್‌ಶೀಟ್ ಹೊದಿಸಿದ್ದಳು. ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಬೆಡ್‌ಶೀಟ್ ತೆಗೆದು ಮಡಿಸತೊಡಗಿದ್ದಳು.

ಆಮೇಲೆ ರುಚಿಯ ಪರೀಕ್ಷೆ ಶುರುವಾಯಿತು. ಔಷಧಿಯಿಂದ ನನ್ನ ಹೆಂಡತಿಯ ನಾಲಿಗೆ ಕೆಟ್ಟಿತ್ತು. ಹುಳಿ ಆಗದು, ಬಣ್ಣ ಬೇಡ, ಹೆಚ್ಚು ಸಿಹಿಯಾದರೆ ವಾಕರಿಕೆ. ಐಸತ್ತೆ ದಿನಕ್ಕೆ ಒಂದೆರಡು ಬಗೆ ಮಾಡಿ ಮೆಟ್ಟಿಲು ಹತ್ತಿ ಬರುತ್ತಿದ್ದಳು.

"ಅತ್ತಿಗೆ, ಇದು ಸೌತೆಕಾಯಿದು."

"ಬೀಗದ ಕೈ ಚೀಪಿದಂಗಿದೆ."

ಮರುದಿನ, "ಇದು ಸೋರೆಕಾಯಿ ನೀರಿಗೆ ಸಕ್ಕರೆ ಹಾಕಿದ್ದು."

"ಇದು ಬೀಗ."

ಬಾರ್ಲಿ ನೀರಿನದು ಒದ್ದೆ ರಟ್ಟಿನ ಹಾಗೆ, ಉಪ್ಪು ಸಕ್ಕರೆಯದು ಕಣ್ಣೀರಿನ ಹಾಗೆ, ಹಾಲಿನದು ಸುಣ್ಣ ಬಳಿದ ಗೋಡೆಯ ಹಾಗೆ ಇತ್ತಂತೆ. ಗೋಡೆಯ ರುಚಿ ನಿನಗೆ ಹೇಗೆ ಗೊತ್ತು ಎಂದು ಕೇಳಿದ್ದಕ್ಕೆ, ನಿಮ್ಮ ಜೊತೆ ಬಾಳಿದವಳಿಗೆ ಗೋಡೆಯ ಎಲ್ಲ ಗುಣ ಗೊತ್ತು ಎಂದಳು. ಬೈಗುಳ ಮರಳಿ ಬರುತ್ತಿತ್ತು. ನಾನು ಬಾಗಿಲ ಮರೆಯಲ್ಲಿ ನಿಂತು ಕಣ್ಣೊರೆಸಿಕೊಂಡೆ. ಹನ್ನೆರಡನೆಯ ಬಗೆ ಕಲ್ಲಂಗಡಿ, ಬೀಜ ತೆಗೆದು, ಸೋಸಿ, ಕುದಿಸಿ ಆರಿಸಿದ ನೀರು ಬೆರೆಸಿದ್ದು. ಅದನ್ನು ಚೀಪಿ ಮುಗಿಸಿ ಅವಳು ಇನ್ನೊಂದಕ್ಕೆ ಕೈ ಚಾಚಿದಳು. ಐಸತ್ತೆ ಮೆಟ್ಟಿಲಿನ ಮೇಲೆ ಕುಳಿತುಬಿಟ್ಟಳು.

ಒಪ್ಪಿಗೆಯಾಗದ ಹನ್ನೊಂದು ಬಗೆಯಲ್ಲೂ ತಲಾ ಹತ್ತು ಹನ್ನೆರಡು ಕೊಳವೆಗಳು ಉಳಿದಿದ್ದವು. ಎಸೆಯುವ ಹೆಣ್ಣಲ್ಲ ಅವಳು. ಗಂಡನ ಕೈಲಿ ಚೀಲ ಕೊಟ್ಟು ಬೀದಿಗೆಲ್ಲ ಬಿಟ್ಟಿ ಹಂಚಿಸಿದಳು. ಆತ ಒಂದೂ ಮಾತಾಡದೆ ಮನೆಮನೆಗೆ ಕೊಟ್ಟು ಬಂದ. ಮರುದಿನ ಬೀದಿಯವರೆಲ್ಲ ಬಹಳ ಚೆನ್ನಾಗಿತ್ತು ಎಂದರು.

ಎರಡನೆಯ ಸಲ ಕಲ್ಲಂಗಡಿ ಐಸು ಇಟ್ಟುಕೊಂಡು ಔಷಧಿ ಏರಿಸಿದಾಗ ಹುಣ್ಣು ಆಗಲೇ ಇಲ್ಲ. ಆದರೆ ವಾಂತಿಯಾಗಿ ತೂಕ ಇನ್ನೂ ಅರ್ಧ ಕಿಲೋ ಇಳಿದು ನಲವತ್ತೂವರೆಗೆ ನಿಂತಿತು. ಅಂದರೆ ಗೆರೆ ದಾಟಲು ಅರ್ಧ ಕಿಲೋ ಬಾಕಿ. ಮೂರನೆಯ ಸಲ ಹುಣ್ಣಾದರೆ ಔಷಧಿ ನಿಲ್ಲುವುದು ಖಂಡಿತ. ಅದು ಡಾಕ್ಟರಿಗೆ, ನನಗೆ, ಐಸತ್ತೆಗೆ ಗೊತ್ತಿತ್ತು. ನನ್ನ ಹೆಂಡತಿಗೆ ನಮ್ಮೆಲ್ಲರಿಗಿಂತ ಮೊದಲು ಗೊತ್ತಿತ್ತು, ಹೇಳಿರಲಿಲ್ಲ ಅಷ್ಟೆ.

ಮೂರನೆಯ ಸಲದ ಹಿಂದಿನ ದಿನ ಸಂಜೆ ಐಸತ್ತೆ ಎಂಟು ಕೊಳವೆ ತುಂಬಿಟ್ಟು ಕರೆಂಟ್ ಬಿಲ್ ಕಟ್ಟಲು ಹೋಗಿದ್ದಳು. ನಾನು ಕೆಳಗಿಳಿದು ಫ್ರೀಜರ್ ನೋಡಿದೆ. ಆಸ್ಪತ್ರೆಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಹಿಂದಿನ ಸಲ ಐಸು ಅರ್ಧ ಮೆತ್ತಗಾಗಿತ್ತು. ಅನುಭವಿ ಅಲ್ಲವೇ ನಾನು. ಹಿಂಬದಿಯ ಗುಂಡಿಯನ್ನು ಕೊನೆಯ ಅಂಕಿಯವರೆಗೆ ತಿರುಗಿಸಿದೆ. ಆ ಚಳಿಗೆ ಹಿಮಕರಡಿಯೊಂದು ಒಳಗಿದ್ದರೆ ಸ್ವೆಟರ್ ಕೇಳುತ್ತಿತ್ತು. ಯಾರಿಗೂ ಹೇಳಲಿಲ್ಲ. ಉಪಕಾರ ಮಾಡಿದವನು ಡಂಗುರ ಹೊಡೆಯಬಾರದಲ್ಲ.

ಬೆಳಿಗ್ಗೆ ಆರೂವರೆಗೆ ಕೆಳಗಿನಿಂದ ಕರೆ ಬಂತು. "ಅಣ್ಣ, ಒಬ್ಬರೇ ಬನ್ನಿ."

ಫ್ರೀಜರಿನ ಮುಚ್ಚಳ ತೆರೆದಿತ್ತು. ಎಂಟಕ್ಕೆ ಎಂಟೂ ಒಡೆದಿದ್ದವು. ಅಂಟಿಸಿದ ತುದಿ ಬಿಚ್ಚಿ, ಪಕ್ಕ ಸೀಳಿ, ಕಲ್ಲಂಗಡಿ ಕೆಂಪಗೆ ತಳಕ್ಕೆ ಅಂಟಿಕೊಂಡು ಕಲ್ಲಾಗಿತ್ತು. ಐಸತ್ತೆಯ ಗಂಡ ಗೋಡೆಗೆ ಒರಗಿ ನಿಂತಿದ್ದ.

"ತಂಗಿ, ನಾನೇ ಮಾಡಿದ್ದು," ಎಂದೆ. "ನಿನ್ನೆ ಸಂಜೆ ಗುಂಡಿ ಪೂರ್ತಿ ತಿರುಗಿಸಿಬಿಟ್ಟೆ."

"ಗುಂಡಿ ತಿರುಗಿಸಿದ್ರೆ ಗಟ್ಟಿ ಆಗುತ್ತೆ ಅಣ್ಣ, ಒಡೆಯಲ್ಲ." ಅವಳು ಒಡೆದ ಕೊಳವೆಯೊಂದನ್ನು ಎತ್ತಿ ತೋರಿಸಿದಳು. ತುದಿಯವರೆಗೆ ಐಸು. "ನಾನು ಜಾಗ ಬಿಡ್ಲಿಲ್ಲ."

ನನಗೆ ಅರ್ಥವಾಗಲಿಲ್ಲ. ಹನ್ನೊಂದು ಬೇಸಿಗೆ, ಹದಿನಾಲ್ಕು ವರ್ಷದ ಕಾರ್ಖಾನೆ, ಎಂದಾದರೂ ತಪ್ಪಿದ ಬೆರಳೇ ಅದು?

"ಹೋದ ಸಲ ಅತ್ತಿಗೆ ಕೇಳಿದ್ರು, ನನಗೂ ಗಾಳಿ ಮಾರ್ತೀಯಾ ಅಂತ. ತಮಾಷೆಗೇ ಕೇಳಿದ್ದು. ಆದ್ರೂ ಈ ಸಲ ಅವರಿಗೆ ಒಂದು ಬೆರಳು ಜಾಸ್ತಿ ಕೊಡೋಣ ಅನ್ನಿಸ್ತು. ಸ್ವಲ್ಪ ಹೊತ್ತು ಜಾಸ್ತಿ ಚೀಪಲಿ ಅಂತ." ಹೇಳಿ ಮುಖ ತಿರುಗಿಸಿದಳು. "ಊರಿಗೆಲ್ಲ ಪಾಠ ಹೇಳಿ ನಾನೇ ತಪ್ಪು ಮಾಡ್ದೆ."

"ನಾನು ಗುಂಡಿ ತಿರುಗಿಸದಿದ್ದರೆ ಒಂದೆರಡಾದರೂ ಉಳೀತಿದ್ವು."

"ಇಲ್ಲ ಅಣ್ಣ, ನನ್ನದೇ."

"ನನ್ನದೇ ಅಂತ ಹೇಳ್ತಿದ್ದೀನಲ್ಲ."

ತಪ್ಪಿಗೆ ಹೀಗೆ ಇಬ್ಬರು ವಾರಸುದಾರರು ಜಗಳವಾಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಎಂಟು ಗಂಟೆಗೆ ಬಸ್ಸು. ಹೊಸದಾಗಿ ಮಾಡಿದರೆ ಗಟ್ಟಿಯಾಗಲು ನಾಲ್ಕು ತಾಸು. ಒಡೆದದ್ದನ್ನು ನರ್ಸಮ್ಮ ಮುಟ್ಟುವುದಿಲ್ಲ. ಅಂಗಡಿಯ ಐಸು ಯಾವ ನೀರಿನದೋ ಯಾರಿಗೆ ಗೊತ್ತು, ಆ ಹೊತ್ತಿಗೆ ಅಂಗಡಿ ತೆರೆದೂ ಇರುವುದಿಲ್ಲ.

ಆಗ ಗೋಡೆಗೆ ಒರಗಿದ್ದ ಗಂಡ ಆ ವಾರದ ಮೊದಲ ವಾಕ್ಯ ಆಡಿದ.

"ಬೀದಿಯವರು ಯಾರೂ ಅದನ್ನ ತಿಂದಿಲ್ಲ."

ಇಬ್ಬರೂ ಅವನ ಕಡೆ ತಿರುಗಿದೆವು.

"ಬೀಗದ ಕೈ, ಬೀಗ, ಗೋಡೆ," ಎಂದ. "ನಾನೇ ಹಂಚಿದ್ದಲ್ವಾ. ತಗೊಂಡವರ ಮುಖ ನೋಡಿದ್ದೆ. ಎಲ್ಲರ ಫ್ರಿಜ್ಜಲ್ಲೂ ಹಾಗೇ ಇದೆ."

ಐಸತ್ತೆಗೆ ಒಂದು ಕ್ಷಣ ಅವಮಾನವೂ ಮರುಕ್ಷಣ ಆನಂದವೂ ಆದದ್ದು ಮುಖದಲ್ಲಿ ಕಂಡಿತು. ಚಪ್ಪಲಿ ಮೆಟ್ಟಿದವಳೇ ಹೊರಟಳು. ಐಸು ಮಾರಿದವರನ್ನು ನೀವು ಕಂಡಿರುತ್ತೀರಿ. ಕೊಟ್ಟ ಐಸನ್ನು ಬೆಳಿಗ್ಗೆ ಆರೂ ಮುಕ್ಕಾಲಿಗೆ ಬಾಗಿಲು ಬಡಿದು ವಾಪಸ್ ಕೇಳಿದವಳು ಲೋಕದಲ್ಲಿ ಇವಳೊಬ್ಬಳೇ ಇರಬೇಕು. ನಾನು ಥರ್ಮಾಕೋಲ್ ಡಬ್ಬಿ ಹಿಡಿದು ಹಿಂದೆ ನಡೆದೆ.

ಮೊದಲು ಕ್ಷೌರದವನ ಮನೆ. ಅವನು ಹಲ್ಲುಜ್ಜುತ್ತಾ ಬಾಗಿಲು ತೆರೆದ.

"ಆವತ್ತು ಕೊಟ್ಟ ಐಸು ಇದೆಯೇನಪ್ಪಾ?"

"ಅಯ್ಯೋ ಅತ್ತೆ, ಅದು ಆವತ್ತೇ ಮುಗೀತು. ಬಾಳ ರುಚಿಯಾಗಿತ್ತು."

"ಸುಳ್ಳು ಹೇಳ್ಬೇಡ. ಮೇಲಿನ ಮನೆ ಅತ್ತಿಗೆಗೆ ಬೇಕು. ಇವತ್ತು ಅವರಿಗೆ ಔಷಧಿ ಏರಿಸ್ತಾರೆ, ಐಸು ಇಲ್ಲದಿದ್ರೆ ಬಾಯಿ ಹುಣ್ಣಾಗುತ್ತೆ."

ಅವನು ಒಳಗೆ ಹೋಗಿ ಮೂರು ಕೊಳವೆ ತಂದುಕೊಟ್ಟ. "ತಿನ್ನೋಣ ಅಂತಲೇ ಇಟ್ಟಿದ್ದೆ."

"ಮೂರು ವಾರದಿಂದ?"

"ಹಸಿವಾಗ್ಲಿಲ್ಲ ಅತ್ತೆ."

ಮೇಷ್ಟ್ರು ಎರಡು ಕೊಟ್ಟರು. ಇವರೇ ಹಂಚಿದ ಮರುದಿನ ದಾರಿಯಲ್ಲಿ ನಿಲ್ಲಿಸಿ ಸೋರೆಕಾಯಿಯ ಆರೋಗ್ಯ ಗುಣಗಳನ್ನು ಅರ್ಧ ಗಂಟೆ ಹೊಗಳಿದ್ದವರು. ಕೊಳವೆಗಳು ಅವರ ಫ್ರಿಜ್ಜಿನಲ್ಲಿ ಬಟಾಣಿ ಪೊಟ್ಟಣದ ಅಡಿಯಲ್ಲಿ ಶವದಂತೆ ಮಲಗಿದ್ದವು. ಬಟ್ಟೆ ಹೊಲಿಯುವ ಹೆಂಗಸಿನ ಮನೆಯಲ್ಲಿ ನಾಲ್ಕು ಸಿಕ್ಕವು. ಆಕೆ ಒಂದನ್ನು ಮಾತ್ರ ಮಂಡಿನೋವಿಗೆ ಒತ್ತಿಕೊಂಡು ಮತ್ತೆ ಒಳಗಿಟ್ಟಿದ್ದಳಂತೆ, ಅದನ್ನು ಬಿಟ್ಟೆವು. ಇನ್ನೆರಡು ಮೂರು ಮನೆಗಳದ್ದೂ ಸೇರಿ ಏಳೂವರೆಗೆ ಡಬ್ಬಿಯಲ್ಲಿ ಹದಿನಾಲ್ಕು ಕೊಳವೆ. ಒಂದೂ ಒಡೆದಿರಲಿಲ್ಲ. ಎಲ್ಲದರ ಮೇಲ್ತುದಿಯಲ್ಲೂ ಸರಿಯಾಗಿ ಒಂದು ಬೆರಳು ಜಾಗ.

ಆಸ್ಪತ್ರೆಯಲ್ಲಿ ನರ್ಸಮ್ಮ ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಒರೆಸಿ, ಒಂದರ ತುದಿ ಕತ್ತರಿಸಿ ಕೊಟ್ಟಳು. ಹೆಂಡತಿ ಬಾಯಿಗಿಟ್ಟಳು. ಕಣ್ಣು ದೊಡ್ಡದಾಯಿತು. ಕೊಳವೆ ತೆಗೆದು ನನ್ನ ಕಡೆ ನೋಡಿದಳು.

"ರೀ, ಇದು ಬೀಗದ ಕೈ ಅಲ್ವಾ?"

"ಹೌದು. ಬಾಯಲ್ಲಿಟ್ಟುಕೋ, ಔಷಧಿ ಶುರುವಾಗುತ್ತೆ."

ಅರ್ಧ ಗಂಟೆ ಅವಳು ಮಾತಾಡುವಂತಿರಲಿಲ್ಲ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಅವಕಾಶ ಅದು. ಏನೇನೋ ಹೇಳಿಕೊಳ್ಳಬಹುದಿತ್ತು. ನಾನು ಮಾತ್ರ ಬೆಳಗಿನದನ್ನೆಲ್ಲ ಹೇಳಿದೆ: ಗುಂಡಿ ತಿರುಗಿಸಿದ್ದು, ತುದಿಯವರೆಗೆ ತುಂಬಿದ್ದು, ಕ್ಷೌರದವನ ಹಸಿವು, ಬಟಾಣಿಯ ಅಡಿಯ ಸೋರೆಕಾಯಿ. ಗೋಡೆಗೆ ಒರಗಿದ್ದವನು ವಾಕ್ಯ ಆಡಿದ್ದನ್ನು ಹೇಳಿದಾಗ ಅವಳ ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆಂದು ಹೆದರಿ ಬಗ್ಗಿ ನೋಡಿದರೆ ನಗು. ಬಾಯಿ ಬಿಟ್ಟರೆ ಐಸು ಬೀಳುತ್ತದೆ, ಮುಚ್ಚಿದರೆ ನಗು ಮೂಗಿನಿಂದ ಬರುತ್ತದೆ. ಬೀಗದ ಕೈ ಮುಗಿಯಿತು, ಬೀಗ ಮುಗಿಯಿತು, ಗೋಡೆಯನ್ನೂ ಪೂರ್ತಿ ಚೀಪಿದಳು. ನರ್ಸಮ್ಮ ಸಾಕು ಎಂದಾಗ ಮೊದಲು ಹೇಳಿದ ಮಾತು:

"ನಲವತ್ತೆರಡು ವರ್ಷ ಫ್ರಿಜ್ ರಿಪೇರಿ ಮಾಡಿದ್ದೀನಿ ಅಂತ ಇನ್ಮೇಲೆ ಯಾರಿಗೂ ಹೇಳ್ಬೇಡಿ."

ಮುಂದಿನ ಹತ್ತು ದಿನ ಬೆಳಿಗ್ಗೆ ಟಾರ್ಚ್ ಹಿಡಿದು ಅವಳ ಬಾಯೊಳಗೆ ನೋಡುವುದು ನನ್ನ ಕೆಲಸ. ಕೆಳಗೆ ಮೆಟ್ಟಿಲ ಬುಡದಲ್ಲಿ ಐಸತ್ತೆ ನಿಂತಿರುತ್ತಿದ್ದಳು. ನಾನು ಕಿಟಕಿಯಿಂದ ಇಲ್ಲ ಎಂದು ಕೈಯಾಡಿಸುತ್ತಿದ್ದೆ, ಅವಳು ಒಳಗೆ ಹೋಗುತ್ತಿದ್ದಳು. ಆರನೆಯ ದಿನ ಎಡಗೆನ್ನೆಯ ಒಳಗೆ ಸಾಸಿವೆ ಕಾಳಿನಷ್ಟು ಒಂದು ಬಂತು. ಐಸತ್ತೆಯೂ ನಾನೂ ಅದನ್ನು ಬೆಟ್ಟದಷ್ಟು ಮಾಡಿಕೊಂಡು ಒಂದು ದಿನ ಕಳೆದೆವು. ಎಂಟನೆಯ ದಿನ ಅದು ಹೋಯಿತು. ಹತ್ತನೆಯ ದಿನ ಅವಳು ಎರಡು ಸಲ ಬಡಿಸಿಕೊಂಡು ಉಂಡಳು, ಉಪ್ಪು ಕಡಿಮೆ ಎಂದು ನನಗೆ ಬೈದಳು. ಮೂರನೆಯ ವಾರ ಆಸ್ಪತ್ರೆಯ ತೂಕದ ಯಂತ್ರ ನಲವತ್ತೊಂದೂ ಕಾಲು ತೋರಿಸಿತು. ಡಾಕ್ಟರು ಕಾಗದದ ಮೇಲೆ ಮುಂದುವರಿಸಿ ಎಂದು ಬರೆದರು. ಆರೂ ಸಲ ಮುಗಿಯಿತು.

ಬೇಸಿಗೆ ಶುರುವಾದಾಗ ಧನ್ಯವಾದ ಹೇಳಲು ಕೆಳಮನೆಗೆ ಹೋದೆ. ಮೂರು ದಿನದಿಂದ ಮಾತು ಜೋಡಿಸಿಕೊಂಡಿದ್ದೆ, ಅದರಲ್ಲಿ ಎರಡು ಉಪಮೆಗಳೂ ಇದ್ದವು. ಫ್ರೀಜರಿನ ಗುಂಡಿಗೆ ಅಡ್ಡಡ್ಡ ಅಂಟುಪಟ್ಟಿ ಹಾಕಿತ್ತು. ಮೇಲೆ ಅವಳ ಗಂಡನ ಕೈಬರಹ: "ಅಣ್ಣ ಮುಟ್ಟಬಾರದು."

"ತಂಗಿ, ನಾನೊಂದು ಮಾತು ಹೇಳ್ಬೇಕು."

"ಹೇಳೋದಾದ್ರೆ ಕೂತ್ಕೊಂಡು ಹೇಳಿ. ಕೈ ಖಾಲಿ ಇಡಬೇಡಿ." ಕೊಳವೆಯೊಂದನ್ನು ಕೈಗಿಟ್ಟಳು. "ಹೀಗೆ ಬೆರಳು ಅಡ್ಡ ಹಿಡೀರಿ, ನಾನು ಅಂಟಿಸ್ತೀನಿ."

ಹಿಡಿದೆ. ಅವಳು ನನ್ನ ಬೆರಳನ್ನೂ ಕೊಳವೆಯನ್ನೂ ನೋಡಿದಳು.

"ಅಣ್ಣ, ನಿಮ್ಮ ಬೆರಳು ದಪ್ಪ. ಮಕ್ಕಳು ನನ್ನ ಪ್ರಾಣ ತಿಂತಾರೆ. ಕಿರುಬೆರಳು ಹಿಡೀರಿ."

ಕಿರುಬೆರಳು ಸರಿಹೋಯಿತು. ನೂರಿಪ್ಪತ್ತು ಕೊಳವೆ ಹಿಡಿದೆ. ಕೆಂಪು ದೀಪ ಹತ್ತುತ್ತಿತ್ತು, ಆರುತ್ತಿತ್ತು. ಆವತ್ತಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಅದೇ ಕೆಲಸ. ಹೇಳಬೇಕಾದ ಮಾತು ಇನ್ನೂ ಹಾಗೇ ಉಳಿದಿದೆ. ಬಾಯಿ ತೆರೆದಾಗಲೆಲ್ಲ "ಅಣ್ಣ, ನೀರು ಚೆಲ್ತು" ಎನ್ನುತ್ತಾಳೆ. ಅದಕ್ಕೇ ಇಲ್ಲಿ ಬರೆದಿದ್ದೇನೆ. ಅವಳಿಗೆ ಓದಲು ಪುರುಸೊತ್ತಿಲ್ಲ. ಅವಳ ಗಂಡ ಗ್ರಂಥಾಲಯದಲ್ಲಿ ಓದುತ್ತಾನೆ, ಓದಿ ಅವಳಿಗೆ ಹೇಳಲು ಎರಡು ತಿಂಗಳ ವಾಕ್ಯಗಳು ಬೇಕಾಗುತ್ತವೆ.

ನನ್ನ ಹೆಂಡತಿ ಈಗ ನಲವತ್ತಾರು ಕಿಲೋ. ಸಂಜೆ ಮೆಟ್ಟಿಲ ಮೇಲೆ ಕುಳಿತು ಸೌತೆಕಾಯಿ ಐಸು ಚೀಪುತ್ತಾಳೆ. ಬೀದಿಯಲ್ಲಿ ಅದನ್ನು ಕೇಳಿ ಮಾಡಿಸಿಕೊಳ್ಳುವವಳು ಅವಳೊಬ್ಬಳೇ. ಹೇಗಿದೆ ಎಂದು ಐಸತ್ತೆ ಕೆಳಗಿನಿಂದ ಕೇಳಿದರೆ, "ಅದೇ ಬೀಗದ ಕೈ, ಇನ್ನೊಂದು ಕೊಡು," ಎನ್ನುತ್ತಾಳೆ.